ಪಕ್ಕದವರ ಎಲೆ ಮತ್ತು ನನ್ನ ತೂಕ

ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, 156 ಸೆಂಟಿಮೀಟರ್ ಎತ್ತರಕ್ಕೆ 78 ಕಿಲೋ ತೂಗುತ್ತಿದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ನನ್ನ ಎಚ್‌ಬಿಎ1ಸಿ ಶೇಕಡ 6.1 ಎಂದು ಬಂತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು, ಈಗಲೇ ತೂಕ ಇಳಿಸಿದರೆ ಹಿಂದೆ ಸರಿಯಲು ಅವಕಾಶವಿದೆ ಎಂದು ವೈದ್ಯರು ಹೇಳಿದರು. ಥೈರಾಯ್ಡ್ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಅಂದಿನಿಂದ ಹದಿನಾಲ್ಕು ತಿಂಗಳಲ್ಲಿ ನಾನು 66 ಕಿಲೋಗೆ ಬಂದೆ. ಆದರೆ ಮೊದಲ ಐದು ತಿಂಗಳಲ್ಲಿ ಇಳಿದದ್ದು ಒಂದೂವರೆ ಕಿಲೋ ಮಾತ್ರ. ಆ ಐದು ತಿಂಗಳು ನನ್ನ ಬಟ್ಟಲನ್ನು ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಬೇರೆಯವರ ಬಟ್ಟಲನ್ನು ನೋಡುವುದರಲ್ಲಿ ಕಳೆದವು. ಅದನ್ನು ಕುರಿತೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಚೇರಿಯಲ್ಲಿ ಸಂಜೆ ನಾಲ್ಕು ಗಂಟೆಗೆ ಚಹಾದೊಂದಿಗೆ ಸಮೀಪದ ಹೋಟೆಲಿನಿಂದ ಗೋಳಿಬಜೆಯೋ ಬನ್ಸೋ ಬರುತ್ತದೆ. ನನ್ನ ಎದುರಿನ ಮೇಜಿನಲ್ಲಿ ಕೂರುವ ಕಿರಿಯ ಸಹೋದ್ಯೋಗಿ ಹೆಚ್ಚುಕಡಿಮೆ ನನ್ನಷ್ಟೇ ಎತ್ತರದವಳು, ತೂಕದಲ್ಲಿ ಮಾತ್ರ ನನಗಿಂತ ಬಹಳ ಕಡಿಮೆ. ಅವಳು ಬಿಸಿ ಗೋಳಿಬಜೆಯನ್ನು ಕಾಯಿಚಟ್ನಿಯಲ್ಲಿ ಅದ್ದಿ ಐದಾರು ತಿನ್ನುವಾಗ ನಾನು ಒಂದನ್ನು ಎರಡು ತುಂಡು ಮಾಡಿ ನಿಧಾನವಾಗಿ ತಿನ್ನುತ್ತಿದ್ದೆ. ಪ್ರತಿ ದಿನ ಇದನ್ನು ಕಂಡು ನನ್ನ ಮನಸ್ಸಿನಲ್ಲಿ ಒಂದು ತೀರ್ಮಾನ ಗಟ್ಟಿಯಾಯಿತು: ಅವಳ ದೇಹ ಎಲ್ಲವನ್ನೂ ಸುಟ್ಟುಹಾಕುತ್ತದೆ, ನನ್ನ ದೇಹ ಎಲ್ಲವನ್ನೂ ಕೂಡಿಡುತ್ತದೆ, ಹಾಗಿರುವಾಗ ನಾನು ಕಷ್ಟಪಡುವುದರಲ್ಲಿ ಅರ್ಥವಿಲ್ಲ. ಆ ಬೇಸರ ಹೊತ್ತುಕೊಂಡು ಮನೆಗೆ ಬಂದ ರಾತ್ರಿಗಳಲ್ಲಿ ನಾನು ಎರಡನೆಯ ಸಲ ಅನ್ನ ಬಡಿಸಿಕೊಂಡಿದ್ದೇನೆ. ಅವಳು ತಿಂದ ಗೋಳಿಬಜೆಯ ಲೆಕ್ಕ ನನಗೆ ನೆನಪಿರುತ್ತಿತ್ತು, ನನ್ನ ಆ ಎರಡನೆಯ ಅನ್ನ ನೆನಪಿರುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಹೋಲಿಕೆಯೂ ನನ್ನಲ್ಲಿತ್ತು, ಅದನ್ನು ಗುರುತಿಸಲು ಹೆಚ್ಚು ಕಾಲ ಹಿಡಿಯಿತು. ಮದುವೆಯ ಊಟಕ್ಕೆ ಹಂತಿಯಲ್ಲಿ ಕುಳಿತಾಗ ನನ್ನ ಕಣ್ಣು ತಾನಾಗಿ ಪಕ್ಕದ ಎಲೆಗೆ ಹೋಗುತ್ತಿತ್ತು. ಪಕ್ಕದವರು ಕಾಯಿಹಾಲು ಹಾಕಿಸಿಕೊಂಡು ಎರಡು ಹೋಳಿಗೆ ತಿಂದು, ಪಾಯಸವನ್ನು ಎರಡು ಸಲ ಬಡಿಸಿಕೊಂಡರೆ, ಒಂದು ಹೋಳಿಗೆ, ಒಂದೇ ಸಲ ಪಾಯಸ ತೆಗೆದುಕೊಂಡ ನಾನು ಸಂಯಮಿ ಎಂದು ನನಗೆ ಅನ್ನಿಸುತ್ತಿತ್ತು. ಹಂತಿಯಲ್ಲಿ ಅತಿ ಹೆಚ್ಚು ಉಣ್ಣುವವರನ್ನು ನಾನೇ ಆರಿಸಿಕೊಂಡು, ಅವರನ್ನು ಅಳತೆಗೋಲು ಮಾಡಿಕೊಳ್ಳುತ್ತಿದ್ದೆ ಎಂಬುದು ಆಗ ಹೊಳೆದಿರಲಿಲ್ಲ. ಕಡಿಮೆ ತೂಕದವಳು ಹೆಚ್ಚು ತಿನ್ನುವುದನ್ನು ನೋಡಿದಾಗ ಹತಾಶೆಯಿಂದ ತಿಂದೆ, ಹೆಚ್ಚು ತೂಕದವರು ಹೆಚ್ಚು ತಿನ್ನುವುದನ್ನು ನೋಡಿದಾಗ ಸಮಾಧಾನದಿಂದ ತಿಂದೆ. ಎರಡೂ ದಾರಿಗಳು ಕೊನೆಗೆ ನನ್ನನ್ನು ಒಂದೇ ಕಡೆ ತಂದು ನಿಲ್ಲಿಸುತ್ತಿದ್ದವು.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಮನೆಯೊಳಗಿನ ಹೋಲಿಕೆ. ನನ್ನ ಗಂಡ ಮತ್ತು ನಾನು ಒಟ್ಟಿಗೇ ಊಟ ಕಡಿಮೆ ಮಾಡಲು ಹೊರಟಿದ್ದೆವು. ಒಂದೇ ಅಳತೆಯ ಬಟ್ಟಲು, ಒಂದೇ ಸಾರು, ಒಂದೇ ಪಲ್ಯ, ಸಂಜೆ ಅಜ್ಜರಕಾಡಿನ ಭುಜಂಗ ಪಾರ್ಕಿನ ಕಡೆ ಒಟ್ಟಿಗೇ ನಡಿಗೆ. ಎರಡು ತಿಂಗಳಲ್ಲಿ ಅವರು ನಾಲ್ಕು ಕಿಲೋ ಇಳಿದರು, ನಾನು ಒಂದು ಕಿಲೋವೂ ಇಳಿದಿರಲಿಲ್ಲ. ಅವರು ಸಹಜವಾಗಿಯೇ, ‘ನೀನು ಮಧ್ಯೆ ಮಧ್ಯೆ ಎಂತಾದರೂ ತಿನ್ನುತ್ತೀಯಾ ಎಂತ?’ ಎಂದು ಕೇಳಿದ ದಿನ ನಾನು ಅವರೊಂದಿಗೆ ಮಾತು ಬಿಟ್ಟೆ. ಆ ಪ್ರಶ್ನೆಯಲ್ಲಿ ಸ್ವಲ್ಪ ಸತ್ಯವೂ ಇತ್ತೆಂಬುದು ಮುಂದೆ ತಿಳಿಯಿತು. ಆದರೆ ಬಹುಪಾಲು ಉತ್ತರ ಬೇರೆ ಕಡೆ ಇತ್ತು.

ಆ ಉತ್ತರವನ್ನು ತೋರಿಸಿದವರು ನಾನು ಸಲಹೆಗೆಂದು ಹೋದ ಒಬ್ಬ ಆಹಾರತಜ್ಞೆ. ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳು ಇವುಗಳಿಗಾಗಿ ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು ಬಳಸುತ್ತಾರೆ. ಕಿಲೋದಲ್ಲಿರುವ ತೂಕವನ್ನು 10ರಿಂದಲೂ ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಬೇಕು, ಅದರಲ್ಲಿ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು, ಅನಂತರ ಗಂಡಸರಾದರೆ 5 ಕೂಡಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ಲೆಕ್ಕದ ಕೆಲಸ ಮಾಡುವ ನಾನು ಅಲ್ಲಿಯೇ ಕಾಗದದ ಮೇಲೆ ಹಾಕಿ ನೋಡಿದೆ. ನನ್ನದು 1,374 ಕ್ಯಾಲೊರಿ. ನಲವತ್ತೇಳು ವಯಸ್ಸಿನ, 175 ಸೆಂಟಿಮೀಟರ್ ಎತ್ತರದ, 84 ಕಿಲೋ ತೂಕದ ನನ್ನ ಗಂಡನದು ಸುಮಾರು 1,704. ಇಬ್ಬರೂ ಏನೂ ಮಾಡದೆ ಮಲಗಿದ್ದರೂ ದಿನಕ್ಕೆ 330 ಕ್ಯಾಲೊರಿಯ ವ್ಯತ್ಯಾಸ, ಎಂದರೆ ಬೇಯಿಸಿ ಬಸಿದ ಅನ್ನದಲ್ಲಿ ಸುಮಾರು ಕಾಲು ಕಿಲೋ. ಒಂದೇ ಬಟ್ಟಲಿನ ಅಳತೆ ಅವರಿಗೆ ಕೊರತೆಯ ಊಟವಾಗಿದ್ದರೆ ನನಗೆ ಹೆಚ್ಚುಕಡಿಮೆ ಸರಿಹೋಗುವ ಊಟವಾಗಿತ್ತು. ಸಮಾನ ಪಾಲು ಎಂದರೆ ನ್ಯಾಯವಾದ ಪಾಲು ಎಂದು ನಂಬಿದ್ದೇ ನನ್ನ ತಪ್ಪಾಗಿತ್ತು. ಅಂದು ಸಂಜೆ ಆ ಕಾಗದವನ್ನು ಗಂಡನಿಗೆ ತೋರಿಸಿದೆ. ಅವರು ಎರಡು ಸಲ ಲೆಕ್ಕ ಹಾಕಿ ನೋಡಿ, ‘ಇದು ನನಗೆ ಗೊತ್ತಿರಲಿಲ್ಲ’ ಎಂದರು. ಅಷ್ಟು ಸಾಕಾಗಿತ್ತು.

ಆಮೇಲೂ ಸಹೋದ್ಯೋಗಿಯ ಗೋಳಿಬಜೆ ಮನಸ್ಸಿನಿಂದ ಹೋಗಲಿಲ್ಲ. ಹೋಲಿಸಬೇಡ ಎಂದು ನನಗೆ ನಾನೇ ಹೇಳಿಕೊಂಡು ಪ್ರಯೋಜನವಾಗದೆ ಇದ್ದಾಗ, ಹೋಲಿಸುವುದೇ ಆದರೆ ಪೂರ್ತಿಯಾಗಿ ಹೋಲಿಸಿಬಿಡೋಣ ಎಂದು ನಿರ್ಧರಿಸಿ, ಒಂದು ದಿನ ಚಹಾದ ಹೊತ್ತಿನಲ್ಲಿ ಅವಳೊಡನೆ ಸಂಕೋಚದಿಂದಲೇ ವಿಷಯ ತೆಗೆದೆ. ಒಂದು ವಾರ ನಾವಿಬ್ಬರೂ ತಿಂದದ್ದನ್ನೆಲ್ಲ ಬರೆದಿಟ್ಟು ಆಮೇಲೆ ಒಟ್ಟಿಗೆ ಕುಳಿತು ನೋಡೋಣವೇ ಎಂದು ಕೇಳಿದಾಗ ಅವಳು, ‘ಅದಕ್ಕೆಂತ ಅಕ್ಕ, ಬರೀತೇನೆ. ಆದರೆ ನಾನು ರಾತ್ರಿ ಉಣ್ಣುವುದೇ ಕಮ್ಮಿ, ಸಂಜೆ ಇದನ್ನೆಲ್ಲ ತಿಂದ ಮೇಲೆ ಹಸಿವೇ ಆಗುವುದಿಲ್ಲ’ ಎಂದಳು. ವಾರದ ಕೊನೆಗೆ ನೋಡಿದರೆ ಅವಳ ಪುಸ್ತಕದಲ್ಲಿ ಐದು ರಾತ್ರಿ ಒಂದು ಲೋಟ ಮಜ್ಜಿಗೆಯೋ ಸ್ವಲ್ಪ ಗಂಜಿಯೋ ಮಾತ್ರ ಇತ್ತು. ಬೆಳಗ್ಗೆ ಎರಡು ನೀರುದೋಸೆ, ಮಧ್ಯಾಹ್ನ ಸಣ್ಣ ಡಬ್ಬಿಯ ಊಟ. ಮನೆಯಿಂದ ಬಸ್ಸಿನ ದಾರಿಗೆ ದಿನವೂ ಇಪ್ಪತ್ತು ನಿಮಿಷದ ಏರುತಗ್ಗಿನ ನಡಿಗೆ, ಸಂಜೆ ಮತ್ತೆ ಅಷ್ಟೇ. ಕಚೇರಿಯಲ್ಲಿಯೂ ಅವಳು ಕುಳಿತಲ್ಲಿ ಕೂರುವವಳಲ್ಲ, ಫೋನು ಬಂದರೆ ಎದ್ದು ನಡೆಯುತ್ತಾ ಮಾತನಾಡುತ್ತಾಳೆ, ಕಡತ ಬೇಕಾದರೆ ತಾನೇ ಮಹಡಿ ಹತ್ತುತ್ತಾಳೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಾನು ಅವಳ ಹತ್ತು ನಿಮಿಷವನ್ನು ಮಾತ್ರ ನೋಡಿ ತೀರ್ಪು ಕೊಟ್ಟಿದ್ದೆ.

ಹೀಗೆ ಎದ್ದು ಓಡಾಡುವುದು ಸಣ್ಣ ಸಂಗತಿಯಲ್ಲ ಎಂಬುದಕ್ಕೆ ಆಧಾರವಿದೆ. 1999ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ, ಜೇಮ್ಸ್ ಲೆವೀನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಹದಿನಾರು ಮಂದಿಗೆ ಎಂಟು ವಾರಗಳ ಕಾಲ ಅವರವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ಉಣ್ಣಿಸಿದರು. ಹೆಚ್ಚುವರಿ ಒಂದೇ ಆಗಿದ್ದರೂ ಒಬ್ಬರ ಮೈಯಲ್ಲಿ ಸೇರಿದ ಕೊಬ್ಬು 0.36 ಕಿಲೋ, ಇನ್ನೊಬ್ಬರಲ್ಲಿ 4.23 ಕಿಲೋ. ವ್ಯಾಯಾಮವೆಂದು ಕರೆಯಲಾಗದ ಚಲನೆಗಳು, ಎಂದರೆ ನಿಲ್ಲುವುದು, ಅತ್ತಿತ್ತ ಸರಿಯುವುದು, ಕೈಕಾಲು ಆಡಿಸುವುದು, ಯಾರಲ್ಲಿ ತಾನಾಗಿ ಹೆಚ್ಚಾದವೋ ಅವರಲ್ಲಿ ಕೊಬ್ಬು ಕಡಿಮೆ ಸೇರಿತ್ತು. ದೇಹದಿಂದ ದೇಹಕ್ಕೆ ವ್ಯತ್ಯಾಸ ನಿಜವಾಗಿಯೂ ಇದೆ, ಅದು ನನ್ನ ಕಲ್ಪನೆಯಲ್ಲ ಎಂದು ತಿಳಿದಾಗ ಸಮಾಧಾನವಾಯಿತು. ಆದರೆ ಆ ವ್ಯತ್ಯಾಸ ಎಷ್ಟೆಂಬುದನ್ನು ಗೋಳಿಬಜೆಯ ತಟ್ಟೆ ನೋಡಿ ಅಳೆಯಲು ಸಾಧ್ಯವಿಲ್ಲ.

ಆ ವಾರ ನಿಜವಾಗಿ ನನ್ನನ್ನು ತಬ್ಬಿಬ್ಬು ಮಾಡಿದ್ದು ನನ್ನದೇ ಪುಸ್ತಕ. ಮೊದಲ ವಾರ ನಾನು ರಾತ್ರಿ ಮಲಗುವ ಮುನ್ನ ನೆನಪಿನಿಂದ ಬರೆದೆ, ದಿನಕ್ಕೆ ಸುಮಾರು 1,300 ಕ್ಯಾಲೊರಿ ಬಂತು. ಆಹಾರತಜ್ಞೆಯ ಸಲಹೆಯಂತೆ ಎರಡನೆಯ ವಾರ ಅಡುಗೆಮನೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಇಟ್ಟು, ಬಾಯಿಗೆ ಹೋಗುವ ಮೊದಲೇ ತೂಗಿ ಬರೆದಾಗ ಅದು 1,950 ಆಯಿತು. ಊಟ ಬದಲಾಗಿರಲಿಲ್ಲ, ಬರೆಯುವ ಕ್ರಮ ಮಾತ್ರ ಬದಲಾಗಿತ್ತು. ನಾನು ಸುಳ್ಳು ಬರೆದವಳಲ್ಲ. ಬಂಗುಡೆ ಗಸಿಗೆಂದು ತುರಿದ ತೆಂಗಿನಕಾಯಿಯನ್ನು ನಾನು ಊಟವೆಂದು ಎಣಿಸಿರಲೇ ಇಲ್ಲ. ತೂಗಿ ನೋಡಿದರೆ ಒಂದು ಕಾಯಿಯ ತುರಿ 320 ಗ್ರಾಂ. ಹಸಿ ತೆಂಗಿನಕಾಯಿಯಲ್ಲಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಹಾಗಾಗಿ ನಾಲ್ವರ ಮನೆಯಲ್ಲಿ ಒಬ್ಬೊಬ್ಬರ ಪಾಲಿಗೆ 280. ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿಯುವ ತೆಂಗಿನೆಣ್ಣೆಯೂ ಹಾಗೆಯೇ, ಒಂದು ದೊಡ್ಡ ಚಮಚಕ್ಕೆ ಸುಮಾರು 120. ಉಪ್ಪು ಹುಳಿ ನೋಡಲೆಂದು ಬಾಯಿಗೆ ಹಾಕಿಕೊಂಡದ್ದು, ಮಗ ಬಿಟ್ಟ ಅರ್ಧ ದೋಸೆ ಹಾಳಾಗಬಾರದೆಂದು ತಿಂದದ್ದು, ಅತ್ತೆಯ ಜೊತೆ ಎರಡನೆಯ ಸಲ ಕುಡಿದ ಸಕ್ಕರೆ ಹಾಕಿದ ಚಹಾ, ಇವು ಯಾವುವೂ ನೆನಪಿನ ಲೆಕ್ಕದಲ್ಲಿ ಇರಲಿಲ್ಲ.

ಇದು ನನ್ನೊಬ್ಬಳ ದೌರ್ಬಲ್ಯವಲ್ಲ ಎಂದು ಆಹಾರತಜ್ಞೆ ತಿಳಿಸಿದರು. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ಉಂಡರೂ ತೂಕ ಇಳಿಯುವುದಿಲ್ಲ ಎಂದು ಹೇಳುತ್ತಿದ್ದವರನ್ನು ಪರೀಕ್ಷಿಸಿದಾಗ, ಅವರು ನಿಜವಾಗಿ ತಿಂದದ್ದರಲ್ಲಿ ಸರಾಸರಿ ಶೇಕಡ 47ರಷ್ಟು ಅವರ ಬರವಣಿಗೆಯಲ್ಲಿ ಸೇರಿರಲಿಲ್ಲ. ಅವರ ದೇಹ ಶಕ್ತಿ ಖರ್ಚು ಮಾಡುವ ಕ್ರಮದಲ್ಲಿ ಕೊರತೆ ಕಂಡುಬರಲಿಲ್ಲ. ಇದನ್ನು ಕೇಳಿದಾಗ ನನ್ನ ಐದು ತಿಂಗಳ ಹೋಲಿಕೆಗಳ ಸ್ವರೂಪ ಸ್ಪಷ್ಟವಾಯಿತು. ಬೇರೆಯವರದು ಕಣ್ಣಿಗೆ ಬಿದ್ದ ಒಂದು ತುಣುಕು, ನನ್ನದು ಮೂರರಲ್ಲಿ ಒಂದು ಪಾಲು ಬಿಟ್ಟುಹೋದ ನೆನಪು. ಎರಡೂ ಅರ್ಧ ಅಳತೆಗಳು. ಲೆಕ್ಕಪತ್ರದಲ್ಲಿ ಇಂಥ ಎರಡು ಅಂಕಣಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡು ಎಂದು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಅನಂತರದ ಒಂಬತ್ತು ತಿಂಗಳು ದಿನಕ್ಕೆ 1,450ರಿಂದ 1,500 ಕ್ಯಾಲೊರಿಯೊಳಗೆ ಉಂಡೆ. ಗಸಿಯ ಬದಲು ವಾರಕ್ಕೆ ಮೂರು ದಿನ ಬಂಗುಡೆ ಪುಳಿಮುಂಚಿ, ಕಾಯಿ ಒಂದರ ಬದಲು ಅರ್ಧ, ಎಣ್ಣೆ ಚಮಚದಲ್ಲಿ ಅಳೆದು. ಕುಚ್ಚಲಕ್ಕಿ ಗಂಜಿಯನ್ನು ಬಿಡಲಿಲ್ಲ, ಅದರ ಜೊತೆ ಹುರುಳಿಯನ್ನೋ ಹೆಸರುಕಾಳನ್ನೋ ಹೆಚ್ಚಿಸಿ ಅನ್ನದ ಅಂಶ ಕಡಿಮೆ ಮಾಡಿದೆ. ಗೋಳಿಬಜೆಯನ್ನೂ ಪೂರ್ತಿ ನಿಲ್ಲಿಸಲಿಲ್ಲ, ವಾರದಲ್ಲಿ ಒಂದು ದಿನ ಎರಡು ತಿಂದು ಬರೆದಿಟ್ಟೆ. ಹೋಲಿಕೆಯನ್ನೂ ಬಿಡಲಿಲ್ಲ. ಈಗ ಈ ನಾಲ್ಕು ವಾರಗಳ ನನ್ನ ಸರಾಸರಿ ತೂಕವನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಯೊಂದಿಗೆ ಹೋಲಿಸುತ್ತೇನೆ. ಬೆಳಗ್ಗೆ ಎದ್ದೊಡನೆ ತೂಗುವುದರಿಂದ ಒಂದು ವಿಷಯ ತಿಳಿದಿದೆ: ಉಪ್ಪಿನಕಾಯಿ ಹೆಚ್ಚು ತಿಂದ ಮರುದಿನ, ತಿಂಗಳ ಮುಟ್ಟಿನ ದಿನಗಳ ಮೊದಲು, ತೂಕ ಒಂದು ಕಿಲೋದವರೆಗೂ ಏರಬಹುದು, ಅದು ನೀರು, ಕೊಬ್ಬಲ್ಲ. ನಾಲ್ಕು ವಾರಗಳ ಸರಾಸರಿಯಲ್ಲಿ ಆ ಏರಿಳಿತ ಬಹುಮಟ್ಟಿಗೆ ಕರಗಿಹೋಗುತ್ತದೆ.

ತೂಕ ಇಳಿದಂತೆ ಬೇರೆಯವರು ತಮ್ಮನ್ನು ನನ್ನೊಂದಿಗೆ ಹೋಲಿಸಿಕೊಳ್ಳಲು ತೊಡಗಿದರು. ನೆಂಟರ ಮನೆಯ ಪೂಜೆಯಲ್ಲಿ, ‘ಎಂತ ಮಾರಾಯ್ತಿ, ಇಷ್ಟೇ ಉಣ್ಣುವುದಾ? ನಾವೆಲ್ಲ ಉಣ್ಣುತ್ತಿಲ್ಲವಾ?’ ಎಂದು ದೊಡ್ಡಮ್ಮ ಎಲ್ಲರೆದುರು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆಯ ಹಿಂದೆ ತನ್ನ ಎಲೆಯ ಬಗ್ಗೆ ಅವರಿಗಿದ್ದ ಕಳವಳ ನನಗೆ ಪರಿಚಿತವಾಗಿತ್ತು. ‘ನನಗೆ ಸಕ್ಕರೆ ಕಾಯಿಲೆ ಶುರುವಾಗುವುದರಲ್ಲಿತ್ತು ದೊಡ್ಡಮ್ಮ, ಅದಕ್ಕೆ ಡಾಕ್ಟರು ಹೇಳಿದ ಅಳತೆ ಇದು, ನಿಮಗೆ ಬೇಕಾದದ್ದು ಬೇರೆ’ ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ, ಹೋಗುವ ಮುನ್ನ ತಾವೂ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಮೆಲ್ಲನೆ ಕೇಳಿದರು. ಖಂಡಿತ ಮಾಡಿಸಿ ಎಂದೆ.

66 ಕಿಲೋದ ಹತ್ತಿರ ಬಂದಾಗ ಇಳಿಕೆ ನಿಧಾನವಾಯಿತು. ಆರು ತಿಂಗಳ ಹಿಂದೆ ಇದೇ ಊಟಕ್ಕೆ ತಿಂಗಳಿಗೆ ಒಂದೂವರೆ ಕಿಲೋ ಇಳಿಯುತ್ತಿತ್ತಲ್ಲ ಎಂದು ಮತ್ತೆ ನೊಂದುಕೊಂಡೆ, ಆಮೇಲೆ ಹಳೆಯ ಸೂತ್ರಕ್ಕೆ ಹೊಸ ಅಂಕಿಗಳನ್ನು ಹಾಕಿದೆ. 66 ಕಿಲೋ, ನಲವತ್ತೈದು ವಯಸ್ಸು: 1,249. ಹಿಂದಿಗಿಂತ 125 ಕಡಿಮೆ. ಒಂದು ವರ್ಷದ ಹಿಂದಿನ ನಾನು ಕೂಡ ಇನ್ನೊಬ್ಬ ಹೆಂಗಸಿನಂತೆಯೇ, ಅವಳ ಬಟ್ಟಲು ಇಂದಿನ ನನಗೆ ಅಳತೆಯಾಗುವುದಿಲ್ಲ. ಸದ್ಯ ಇನ್ನೂ ಇಳಿಸುವ ಅವಸರವಿಲ್ಲದೆ ಇದೇ ತೂಕವನ್ನು ಉಳಿಸಿಕೊಳ್ಳುತ್ತಿದ್ದೇನೆ. ಎಚ್‌ಬಿಎ1ಸಿ 5.6ಕ್ಕೆ ಬಂದಿದೆ.

ಈ ಸಲದ ಅಷ್ಟಮಿಗೆ ಮನೆಯಲ್ಲಿ ಎಂದಿನಂತೆ ಉಂಡೆ, ಚಕ್ಕುಲಿ ಮಾಡಿದ್ದೆವು. ನನ್ನ ಪಾಲಿಗೆ ಎರಡು ಉಂಡೆ, ಎರಡು ಚಕ್ಕುಲಿ ಎಂದು ಬೆಳಗ್ಗೆಯೇ ಪುಸ್ತಕದಲ್ಲಿ ಬರೆದು, ಅಷ್ಟನ್ನೂ ಸಂತೋಷದಿಂದ ತಿಂದೆ. ಗಂಡ ಎಷ್ಟು ತಿಂದರೆಂದು ರಾತ್ರಿ ಡಬ್ಬಿಗಳನ್ನು ತೊಳೆಯುವಾಗ ಒಮ್ಮೆ ಯೋಚಿಸಿದೆ, ನೆನಪಿಗೆ ಬರಲಿಲ್ಲ.