ಒಮ್ಮುಖ ಪ್ರೀತಿ ಬಿಟ್ಟು ಬಂದ ಮೇಲೆ ಹಾಡು ಕೇಳುವುದು ಹೇಗೆ

ಮೂರು ವರ್ಷ ಫೋನ್ ಮಾಡಿದ್ದೆಲ್ಲ ನಾನೇ. ಬಿಟ್ಟು ಬಂದ ಮೇಲೆ ರಾತ್ರಿಗಳೇ ಕಷ್ಟವಾದವು. ನನಗೆ ನೆರವಾದದ್ದನ್ನು ಹೇಳುತ್ತೇನೆ.

ಇಬ್ಬರೂ ಕೇಳುತ್ತಿದ್ದ ಹಾಡುಗಳನ್ನು ಬೇರೆ ಪ್ಲೇಲಿಸ್ಟಿಗೆ ಹಾಕಿ ಪಕ್ಕಕ್ಕಿಡಿ. ಅಳಿಸಬೇಡಿ. ಅವು ನಿಮ್ಮ ಹಾಡುಗಳೂ ಹೌದು ಅಲ್ವಾ?

ಆಮೇಲೆ ಮಾತು ಕಡಿಮೆ ಇರುವ ಸಂಗೀತ ಹುಡುಕಿ. ಮಾತು ಜಾಸ್ತಿಯಿದ್ದರೆ ಪ್ರತಿ ಸಾಲೂ ಅವರ ಬಗ್ಗೆಯೇ ಅನಿಸುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ವಿಲಂಬಿತ ಖ್ಯಾಲ್, ಅಂದರೆ ತುಂಬಾ ನಿಧಾನವಾಗಿ ರಾಗ ಬೆಳೆಸುತ್ತಾ ಹಾಡುವ ಹಾಡು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ಆ ದನಿಯಲ್ಲೇ ದಶಕಗಳ ಕಾಲ ಹಾಡಿದರು. ಖ್ಯಾಲಿನಲ್ಲಿ ಮಾತು ಎರಡೇ ಸಾಲು, ಯಾವ ಅವಸರವೂ ಇಲ್ಲ. ದೀಪ ಆರಿಸಿ, ಸುಮ್ನೆ ಮಲಗಿ ಕೇಳಿ. ಅರ್ಥ ಹುಡುಕಬೇಡಿ.

ಕೇಳಿದರಷ್ಟೇ ಸಾಲದು, ಹಾಡಬೇಕು. ರಾತ್ರಿ ಒಂಬತ್ತೂವರೆ ನಾನು ಅವನಿಗೆ ಫೋನ್ ಮಾಡುತ್ತಿದ್ದ ಹೊತ್ತು. ಆ ಹೊತ್ತಿಗೆ ಮೊಬೈಲಿನಲ್ಲಿ ತಂಬೂರಿ ಹಾಕಿದೆ. ನಿಮ್ಮ ಶ್ರುತಿ ಹಿಡಿದು, ಉಸಿರಿರುವಷ್ಟು ಹೊತ್ತು 'ಸಾ' ಎಳೆಯಿರಿ. 10 ನಿಮಿಷ ಸಾಕು. ಅಳು ಬಂದರೆ ಅತ್ತುಬಿಡಿ, ತಂಬೂರಿ ಮಾತ್ರ ನಿಲ್ಲಿಸಬೇಡಿ.

ಪಕ್ಕಕ್ಕಿಟ್ಟ ಪ್ಲೇಲಿಸ್ಟನ್ನು ನಾನು ಐದನೇ ತಿಂಗಳಲ್ಲಿ ತೆರೆದೆ, ಬಟ್ಟೆ ಮಡಚುತ್ತಾ. ಮೂರನೇ ಹಾಡಿಗೆ ನಿಲ್ಲಿಸಿದೆ. ಮುಂದಿನ ವಾರ ಐದು ಹಾಡು ಕೇಳಿದೆ.