ವರ್ಗ-1ರ ಹಣ ಯಾವ ಸಂಘಕ್ಕೆ ಹೋಯಿತು: ನಾನು ಲೆಕ್ಕ ಕೇಳಿದ ಬಗೆ

ನಮ್ಮ ಕೇರಿಯ ಸ್ತ್ರೀಶಕ್ತಿ ಗುಂಪಿನವರು ಸಭೆಗೆಂದು 20 ಕುರ್ಚಿ, ಒಂದು ಕಬ್ಬಿಣದ ಬೀರು ಕೇಳಿ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದರು. "ಅನುದಾನ ಇಲ್ಲಮ್ಮ, ಮುಂದಿನ ವರ್ಷ ನೋಡೋಣ" ಎಂದು ಕಳಿಸಿದರು. ಅದೇ ತಿಂಗಳು ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಎದ್ದಿತು. ಯುವಕ ಸಂಘಕ್ಕೆ ಧನಸಹಾಯ ಮಾಡಿದ ಪಂಚಾಯಿತಿಗೆ ಹೃತ್ಪೂರ್ವಕ ಧನ್ಯವಾದ ಅಂತ. ಅರ್ಜಿ ಬರೆದುಕೊಟ್ಟವಳು ನಾನೇ. ಸಹಕಾರ ಸಂಘದಲ್ಲಿ 22 ವರ್ಷ ಲೆಕ್ಕ ಬರೆದು ನಿವೃತ್ತಳಾದವಳು. ಮನಸ್ಸಿಗೆ ಕಸಿವಿಸಿಯಾಯಿತು. ಇಲ್ಲ ಎಂದ ದುಡ್ಡು ಅಲ್ಲಿಗೆ ಹೇಗೆ ಬಂತು?

ಪಂಚಾಯಿತಿಗೆ ಸರ್ಕಾರದಿಂದ ಬರುವ ಹಣಕ್ಕೆಲ್ಲ ಷರತ್ತುಗಳಿರುತ್ತವೆ. ಮನೆಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆಯಿಂದ ಬರುವುದು ಮಾತ್ರ ಸ್ವಂತ ಸಂಪನ್ಮೂಲ. ಕಚೇರಿಯ ಮಾತಿನಲ್ಲಿ ವರ್ಗ-1 ಖಾತೆ. ಸಂಘಕ್ಕೆ ಆಟದ ಸಾಮಾನು, ಭಜನಾ ಮಂಡಳಿಗೆ ಮೈಕು, ಹಬ್ಬಕ್ಕೆ ಶಾಮಿಯಾನ, ಎಲ್ಲ ಇಲ್ಲಿಂದಲೇ ಹೋಗುತ್ತದೆ. ಸಣ್ಣ ಮೊತ್ತ ಎಂದು ಯಾರೂ ತಿರುಗಿ ನೋಡುವುದಿಲ್ಲ. ನಾವು ಕೈಯಾರೆ ಕಟ್ಟಿ ರಸೀದಿ ತರುವ ಹಣ ಇದೇ ಎಂಬುದು ಮರೆತೇಹೋಗಿರುತ್ತದೆ.

ಮಾಹಿತಿ ಹಕ್ಕಿನಡಿ ಮೊದಲ ಅರ್ಜಿ ಹಾಕಿದಾಗ ತಪ್ಪು ಮಾಡಿದೆ. "ನಮಗೆ ಕೊಡದೆ ಅವರಿಗೆ ಏಕೆ ಕೊಟ್ಟಿರಿ?" ಎಂದು ಸಿಟ್ಟಿನಲ್ಲಿ ಕೇಳಿದ್ದೆ. ಏಕೆ ಎಂಬುದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ ಎಂಬ ಉತ್ತರ ಬಂತು. ಅವರು ಹೇಳಿದ್ದು ಸರಿ. 2005ರ ಕಾಯ್ದೆ ಕಚೇರಿಯಲ್ಲಿರುವ ದಾಖಲೆಯನ್ನು ಕೊಡಿಸುತ್ತದೆ, ವಿವರಣೆಯನ್ನಲ್ಲ. ಎರಡನೆಯ ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ಕಳೆದ ಆರ್ಥಿಕ ವರ್ಷ ವರ್ಗ-1ರಿಂದ ಸಂಘಸಂಸ್ಥೆಗಳಿಗಾಗಿ ಮಾಡಿದ ಪ್ರತಿ ಪಾವತಿಯ ವೋಚರ್, ಬಿಲ್ಲು, ಅದಕ್ಕೆ ಒಪ್ಪಿಗೆ ಕೊಟ್ಟ ಸಾಮಾನ್ಯ ಸಭೆಯ ನಡಾವಳಿ, ಇವುಗಳ ದೃಢೀಕೃತ ಪ್ರತಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಯಾಕೆ ಬೇಕು ಎಂಬ ಕಾರಣ ಬರೆಯಲಿಲ್ಲ. ಕಾರಣ ಕೇಳುವ ಅಧಿಕಾರ ಅವರಿಗಿಲ್ಲ.

30 ದಿನ ಕಳೆದರೂ ಉತ್ತರವಿಲ್ಲ. ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ ಬರೆದು, ಅದರ ಒಂದು ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೇಜಿನ ಮೇಲಿಟ್ಟು ಬಂದೆ. ವಾರದೊಳಗೆ ಫೋನು ಬಂತು. "64 ಪುಟ ಆಗುತ್ತೆ ಮೇಡಂ, 128 ರೂಪಾಯಿ ಕಟ್ಟಿ."

ಕಾಗದಗಳನ್ನು ನಡುಮನೆಯಲ್ಲಿ ಹರಡಿಕೊಂಡು ಕೂತೆ. ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ದಿನಾಂಕ, ವೋಚರ್ ಸಂಖ್ಯೆ, ಯಾರಿಗೆ, ಎಷ್ಟು, ಯಾವ ಸಭೆಯ ಎಷ್ಟನೇ ವಿಷಯ, ವಸ್ತು ಈಗ ಎಲ್ಲಿದೆ ಎಂದು ಬರೆದೆ. ಕೊನೆಯ ಕಾಲಂ ಅನ್ನು ಖಾಲಿ ಬಿಟ್ಟೆ. ಹಣ ಹೊಡೆದವರು ಯಾರು ಎಂದು ಹುಡುಕುವ ಹುಮ್ಮಸ್ಸಿನಲ್ಲಿ ಕೂತವಳಿಗೆ ಅಲ್ಲಿ ಕಂಡದ್ದೇ ಬೇರೆ. ಒಟ್ಟು 7 ಪಾವತಿಗಳಲ್ಲಿ 5ಕ್ಕೆ ಒಪ್ಪಿಗೆ ಸಿಕ್ಕಿದ್ದು ಸಭಾ ಸೂಚನೆಯ ಕಟ್ಟಕಡೆಯ ವಿಷಯದಡಿ: "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು." ಸದಸ್ಯರಿಗೆ ಮುಂಚಿತವಾಗಿ ಹೋಗುವ ಸೂಚನೆಯಲ್ಲಿ ಆ ಸಂಘಗಳ ಹೆಸರೇ ಇರಲಿಲ್ಲ. ಊಟದ ಹೊತ್ತಾಗಿ ಅರ್ಧ ಜನ ಎದ್ದುಹೋದ ಮೇಲೆ ಬರುವ ವಿಷಯವದು. ಅಲ್ಲಿ ಯಾರು ಅಧ್ಯಕ್ಷರ ಪಕ್ಕ ನಿಂತಿರುತ್ತಾರೋ ಅವರಿಗೆ ಸಿಗುತ್ತದೆ. ಹಣ ಇದೆ, ಅರ್ಜಿ ಹಾಕಿ ಎಂದು ಉಳಿದವರಿಗೆ ಹೇಳಿದವರೇ ಇಲ್ಲ.

ಇನ್ನೊಂದು ವಿಷಯ ನೋಡಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸ್ವಂತ ಸಂಪನ್ಮೂಲದಲ್ಲಿ ಶೇ 25ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಎತ್ತಿಡಬೇಕು. ಅದು ಯಾರ ಮರ್ಜಿಯ ವಿಷಯವೂ ಅಲ್ಲ. ನಮ್ಮಲ್ಲಿ ಇಷ್ಟಬಂದ ಸಂಘಗಳಿಗೆ ಕೊಟ್ಟ ಹಣವೆಲ್ಲ ಖರ್ಚಾಗಿತ್ತು; ಕಾಲೊನಿಗೆ, ಅಂಗವಿಕಲರಿಗೆ ಇಟ್ಟದ್ದು "ಬಾಕಿ ಉಳಿಕೆ" ಎಂದು ಮುಂದಿನ ವರ್ಷಕ್ಕೆ ಜಾರಿತ್ತು. ಒಂದು ಗಾಲಿಕುರ್ಚಿಗಾಗಿ ಎರಡು ವರ್ಷ ಓಡಾಡಿದ ಮನೆ ನಮ್ಮ ಬೀದಿಯಲ್ಲೇ ಇದೆ.

ಮುಂದೆ ಆ ಖಾಲಿ ಕಾಲಂ ತುಂಬುವ ಕೆಲಸ. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ, ಏಕೆಂದರೆ ಹೋಗಬೇಕಾದದ್ದು ಪರಿಚಯದವರ ಮನೆಗಳಿಗೆ. ಒಬ್ಬಳೇ ಹೋಗಲಿಲ್ಲ, ಗುಂಪಿನ ಇಬ್ಬರನ್ನು ಕರೆದುಕೊಂಡೆ. ಸಂಘ ನೋಂದಣಿಯಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಂಡೆ. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ನಾನು ವಿಚಾರಿಸಿದ ಎರಡು ಸಂಘಗಳು ಹುಟ್ಟಿದ ವರ್ಷ ಬಿಟ್ಟು ಮತ್ತೆ ಏನನ್ನೂ ಸಲ್ಲಿಸಿರಲಿಲ್ಲ.

ಯುವಕ ಸಂಘದ ವಾಲಿಬಾಲ್ ನೆಟ್ಟು, ಕೇರಂ ಬೋರ್ಡು ಶಾಲೆಯ ಕೋಣೆಯಲ್ಲಿ ಸಿಕ್ಕವು. ಕುರ್ಚಿಗಳು ಕಾರ್ಯದರ್ಶಿಯ ಮನೆ ಅಟ್ಟದಲ್ಲಿದ್ದವು. ಊರಿನ ಮದುವೆ, ತಿಥಿಗೆ ಹೋಗಿ ಬರುತ್ತಿದ್ದವು. ಅವನ ತಾಯಿ ಬಾಗಿಲಲ್ಲೇ ನಿಂತು, "ಅಕ್ಕಾ, ನೀವೂ ನಮ್ಮ ಮೇಲೆ ಅನುಮಾನ ಪಟ್ರಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಏನು ಹೇಳಬೇಕೋ ತೋಚಲಿಲ್ಲ. "ಅನುಮಾನ ಅಲ್ಲಮ್ಮ, ನಾಳೆ ಬೇರೆಯವರು ಕೇಳಿದರೆ ನಿಮ್ಮ ಹುಡುಗನ ಕೈಯಲ್ಲಿ ಒಂದು ಪುಸ್ತಕ ಇರಲಿ ಅಂತ" ಎಂದೆ. ಅದು ಸುಳ್ಳಲ್ಲ. ಹುಡುಗ ಅಂದಿದ್ದೂ ಅದನ್ನೇ: "ಲೆಕ್ಕ ಇದೆ ಅಕ್ಕ, ಬರೆದಿಟ್ಟಿಲ್ಲ ಅಷ್ಟೆ." ಎರಡು ಭಾನುವಾರ ಕೂತು ದಾಸ್ತಾನು ಪುಸ್ತಕ, ನಗದು ಪುಸ್ತಕ ಬರೆಯುವುದನ್ನು ಅವನಿಗೆ ಹೇಳಿಕೊಟ್ಟೆ. ಅವನು ಕಳ್ಳನಲ್ಲ. ಹಣ ಕೊಟ್ಟವರು ಲೆಕ್ಕ ಕೇಳದಿದ್ದರೆ ಪಡೆದವರಿಗೆ ಬರೆಯುವ ರೂಢಿ ಎಲ್ಲಿಂದ ಬರಬೇಕು?

ಎಲ್ಲವೂ ಹಾಗಿರಲಿಲ್ಲ. ಭಜನಾ ಮಂಡಳಿಗೆಂದು ಮಾಡಿದ ಧ್ವನಿವರ್ಧಕ ಖರೀದಿಯ ಒಂದು ವೋಚರಿಗೆ ಮೂರು ಕೊಟೇಶನ್ (ದರಪಟ್ಟಿ) ಲಗತ್ತಾಗಿದ್ದವು, ಮೂರೂ ಒಂದೇ ಕೈಬರಹ. ವಸ್ತುವನ್ನು ಮಂಡಳಿಯ ಸದಸ್ಯರೇ ಕಂಡಿರಲಿಲ್ಲ.

ರಾಜಸ್ಥಾನದ ಕೋಟ್ ಕಿರಾನಾದಲ್ಲಿ 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿ ಕಾಮಗಾರಿಗಳ ದಾಖಲೆಯನ್ನು ಊರ ಜನರ ಎದುರು ಓದಿದ್ದರ ಬಗ್ಗೆ ಓದಿದ್ದೆ. ಆರೋಪ ಮಾಡುವ ಬದಲು ದಾಖಲೆ ಓದುವುದು. ಸರಿಯೋ ತಪ್ಪೋ ಎಂದು ಕೇಳಿದ ಜನರೇ ಹೇಳುವುದು. ನಮಗೆ ಅದಕ್ಕೊಂದು ಜಾಗ ಕಾನೂನಿನಲ್ಲೇ ಇದೆ, ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ಆರ್ಥಿಕ ವರ್ಷದ ಲೆಕ್ಕವನ್ನು ಮೇಲಿನ ಕಚೇರಿಯ ಅಧಿಕಾರಿ ಬಂದು ಸಾರ್ವಜನಿಕರ ಮುಂದೆ ತಪಾಸಣೆ ಮಾಡಬೇಕು. ನಮ್ಮೂರಲ್ಲಿ ಅದು ಕಾಫಿ, ಉಪ್ಪಿಟ್ಟು, ಸಹಿಗೆ ಮುಗಿಯುತ್ತಿತ್ತು. ಆ ವರ್ಷ ಗುಂಪಿನ 14 ಹೆಂಗಸರು ಹೋದೆವು.

ನನ್ನ ಸರದಿ ಬಂದಾಗ ಮೂರೇ ವಿಷಯ ಇಟ್ಟುಕೊಂಡಿದ್ದೆ. ವೋಚರ್ ಸಂಖ್ಯೆ, ದಿನಾಂಕ, ಮೊತ್ತ, ಪಡೆದವರ ಹೆಸರು ಓದಿ, "ಈ ವಸ್ತು ಕಂಡವರು ಕೈ ಎತ್ತಿ" ಎಂದೆ. ವಾಲಿಬಾಲಿಗೆ ಕೈಗಳೆದ್ದವು, ಧ್ವನಿವರ್ಧಕಕ್ಕೆ ಒಂದೂ ಏಳಲಿಲ್ಲ. ಒಬ್ಬ ಸದಸ್ಯರು "ಇದೆಲ್ಲ ರಾಜಕೀಯ" ಎಂದು ಕೂಗಿದರು. ನನ್ನ ಕಾಲು ನಡುಗುತ್ತಿತ್ತು, ನಿಜ. ಹಿಂದಿನಿಂದ ಯಾರೋ "ಓದ್ರೀ ಅಕ್ಕ" ಎಂದರು, ಓದಿದೆ. ನನ್ನ ಪ್ರಶ್ನೆಗಳನ್ನು ಜಮಾಬಂದಿ ವರದಿಯಲ್ಲಿ ಬರೆದು ಓದಿಹೇಳುವವರೆಗೆ ನಾವು ಅಲ್ಲಿಂದ ಏಳಲಿಲ್ಲ. ಬರೆಯದೆ ಹೋದ ಮಾತಿಗೆ ಮರುದಿನ ಬೆಲೆಯಿಲ್ಲ. ಇದನ್ನು ಮಾಡಹೊರಟವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಆಮೇಲಿನ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯವಾಯಿತು. ಸಂಘಗಳಿಗೆ ನೆರವು "ಇತರೆ ವಿಷಯ"ದಡಿ ಬರಕೂಡದು. ಏಪ್ರಿಲ್‌ನಲ್ಲಿ ಸೂಚನಾ ಫಲಕಕ್ಕೆ ಪ್ರಕಟಣೆ ಹಚ್ಚಿ ಅರ್ಜಿ ಕರೆಯಬೇಕು, ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು, ಹಿಂದಿನ ಹಣಬಳಕೆ ಪತ್ರ ಕೊಡದವರಿಗೆ ಹೊಸ ಹಣವಿಲ್ಲ. ಮೊದಲ ವರ್ಷವೇ 11 ಅರ್ಜಿ ಬಂದವು. ಹಿಂದೆ ಮೂರೋ ನಾಲ್ಕೋ ಇರುತ್ತಿದ್ದವು. ಕಾಲೊನಿಯ ಹೆಣ್ಣುಮಕ್ಕಳ ಕಬಡ್ಡಿ ತಂಡಕ್ಕೆ ಮ್ಯಾಟ್ ಬಂತು. ನಮ್ಮ ಗುಂಪಿಗೆ ಕುರ್ಚಿ ಬಂದವು, ಬೀರು ಬರಲಿಲ್ಲ. ಗಾಲಿಕುರ್ಚಿ ಮಾತ್ರ ಯಾವ ಅರ್ಜಿಗೂ ಕಾಯದೆ ಶೇ 5ರ ಹಣದಲ್ಲಿ ಆ ಮನೆ ತಲುಪಿತು. ಅದನ್ನು ನೋಡಲು ನಾನೇ ಹೋಗಿದ್ದೆ.

ಧ್ವನಿವರ್ಧಕದ ಮೊತ್ತವನ್ನು ವಸೂಲು ಮಾಡಬೇಕೆಂದು ವರದಿಯಲ್ಲಿ ಬರೆದರು. ಇನ್ನೂ ವಸೂಲಾಗಿಲ್ಲ. ಏನು ಕ್ರಮ ಕೈಗೊಂಡಿರಿ ಎಂಬುದರ ದಾಖಲೆ ಕೇಳಿ ಹಾಕಿದ ಅರ್ಜಿಗೂ, ಮೊದಲ ಮೇಲ್ಮನವಿಗೂ ಉತ್ತರವಿಲ್ಲ. ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಲು 90 ದಿನದ ಗಡುವಿದೆ. ಅದರ ಕಾಗದ ನಿನ್ನೆ ಟೈಪ್ ಮಾಡಿಸಿ ತಂದೆ, ಸೋಮವಾರ ಸ್ಪೀಡ್ ಪೋಸ್ಟಿಗೆ ಹಾಕಬೇಕು.