ಬಸ್ಸಲ್ಲಿ ಬಾಯಿ ಬಿಡೋದು ಹೇಗೆ, ಸಾವಿನ ಮನೆಯಲ್ಲಿ ಬಾಯಿ ಮುಚ್ಚೋದು ಹೇಗೆ

ನಮ್ಮ ಕೊಡಗಿನಲ್ಲಿ ಒಂದು ವಿಚಿತ್ರ ಇದೆ. ಬಸ್ಸು ತಿರುವಿನಲ್ಲಿ ವಾಲುವಾಗ ಐವತ್ತು ಜನವೂ ಮುಂದಿನ ಸೀಟಿನ ಕಂಬಿ ಹಿಡಿದು ಸುಮ್ಮನೆ ಕೂರುತ್ತೇವೆ. ಅದೇ ಬಸ್ಸು ಎಲ್ಲಾದರೂ ಬಿದ್ದರೆ, ಸಾವಿನ ಮನೆಯ ಅಂಗಳದಲ್ಲಿ ನಿಂತು, ಹೋದವನ ತಾಯಿಗೆ ಕೇಳಿಸುವ ಹಾಗೆ, ಡ್ರೈವರ್ ಎಷ್ಟು ಸ್ಪೀಡಲ್ಲಿ ಬಂದ, ಎಲ್ಲಿ ಬ್ರೇಕ್ ಹಿಡಿಯಬೇಕಿತ್ತು ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಮಾತಾಡುವ ಜಾಗವೇ ಉಲ್ಟಾ ಆಗಿದೆ, ಅಲ್ವಾ? ಸರಿ ಮಾಡಿಕೊಳ್ಳೋದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ.

ಮೊದಲು ಬಸ್ಸಿನ ವಿಷಯ. ನಮ್ಮ ಜಿಲ್ಲೆಗೆ ರೈಲಿಲ್ಲ. ಸಂಪಾಜೆ ಘಾಟಿ ಇಳಿದರೆ ಮಂಗಳೂರು, ಮಾಕುಟ್ಟ ಇಳಿದರೆ ಕಣ್ಣೂರು, ಆನೆಚೌಕೂರು ಕಾಡು ದಾಟಿದರೆ ಹುಣಸೂರು. ಯಾವ ಕಡೆ ಹೋದರೂ ಇಳಿಜಾರು, ಮಂಜು, ಇಲ್ಲಾ ಆನೆ. ಸ್ವಂತ ಗಾಡಿ ಇಲ್ಲದವರಿಗೆ ಬಸ್ಸೇ ಗತಿ.

ಬಸ್ಸಿಗೆ ಸ್ಪೀಡ್ ಗವರ್ನರ್ ಇದೆ, ಭಯ ಬೇಡ ಅಂತ ಕೆಲವರು ಹೇಳುತ್ತಾರೆ. ಅದು ತಡೆಯೋದು 80 ಕಿ.ಮೀ. ದಾಟದ ಹಾಗೆ. ನಮ್ಮ ಹೇರ್‌ಪಿನ್ ತಿರುವಿನಲ್ಲಿ 40 ಕೂಡ ಜಾಸ್ತಿಯೇ. ಇನ್ನೊಂದು ಲೆಕ್ಕ ತಲೆಯಲ್ಲಿರಲಿ: 40ರಲ್ಲಿ ಬರುವ ಬಸ್ಸು ಬ್ರೇಕ್ ಹಾಕಿದ ಮೇಲೆ ನಿಲ್ಲೋಕೆ ಬೇಕಾಗುವ ದೂರಕ್ಕಿಂತ 60ರಲ್ಲಿ ಬರುವ ಬಸ್ಸಿಗೆ ಎರಡೂಕಾಲು ಪಟ್ಟು ದೂರ ಬೇಕು. ರಸ್ತೆ ಒದ್ದೆಯಾಗಿದ್ದರೆ ಅದಕ್ಕಿಂತಲೂ ಜಾಸ್ತಿ.

ಸ್ಪೀಡು ನಿಜವಾಗಿ ಎಷ್ಟಿದೆ ಅಂತ ತಿಳಿಯೋಕೆ ಫೋನಿನ ಜಿಪಿಎಸ್ ಸಾಕು. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ, ಆ್ಯಪ್ ತೆರೆಯಲ್ಲ ಅಂತಾದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡ್ ಆದರೆ ವೇಗ 60, 45 ಸೆಕೆಂಡ್ ಆದರೆ 80. ನಡುವೆ 200 ಮೀಟರಿಗೊಂದು ಸಣ್ಣ ಕಲ್ಲಿದ್ದರೆ ಇನ್ನೂ ಸುಲಭ, 12 ಸೆಕೆಂಡ್ ಅಂದರೆ 60. ಇಷ್ಟೆಲ್ಲಾ ಯಾಕೆ ಅಂದರೆ, 'ತುಂಬಾ ಸ್ಪೀಡು' ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, 'ಮಳೆಯಲ್ಲಿ, ಇಂಥ ಕಡೆ, 65ರಲ್ಲಿ ಹೋಗುತ್ತಿದೆ' ಅಂದರೆ ಸ್ವಲ್ಪ ತಿರುಗಿ ನೋಡುತ್ತಾರೆ. ಇಳಿಜಾರಿನಲ್ಲಿ ಕಿವಿಯನ್ನೂ ಬಳಸಿ. ಒಳ್ಳೆ ಡ್ರೈವರ್ ಹತ್ತುವ ಗೇರಿನಲ್ಲೇ ಇಳಿಸುತ್ತಾನೆ, ಇಂಜಿನ್ ಗುರ್ ಅನ್ನುತ್ತಿರುತ್ತದೆ. ಇಂಜಿನ್ ಸದ್ದೇ ಇಲ್ಲದೆ ಬಸ್ಸು ಜಾರುತ್ತಿದ್ದು ಬ್ರೇಕ್ ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಆಗ ಮಾತಾಡಲೇಬೇಕು.

ಯಾರ ಹತ್ತಿರ ಮಾತಾಡೋದು? ಡ್ರೈವರ್ ಹತ್ತಿರ ಅಲ್ಲ. ಅವನು ತಿರುಗಿ ಉತ್ತರ ಕೊಡೋಕೆ ಹೋದರೆ ಅದೇ ಇನ್ನೊಂದು ಅಪಾಯ. ಕಂಡಕ್ಟರ್‌ಗೆ ಹೇಳಿ. ಒಬ್ಬರೇ ಹೇಳಬೇಡಿ, ಪಕ್ಕದವರನ್ನು ಸೇರಿಸಿಕೊಳ್ಳಿ, ಅದರಲ್ಲೂ ವಯಸ್ಸಾದವರೊಬ್ಬರಿದ್ದರೆ ಕೆಲಸ ಬೇಗ ಆಗುತ್ತದೆ.

ಒಂದು ಸಲ ವಿರಾಜಪೇಟೆಯಿಂದ ಮೂರ್ನಾಡು ಮೇಲೆ ಮಡಿಕೇರಿಗೆ ಹೋಗುತ್ತಿದ್ದೆ. ಪ್ರೈವೇಟ್ ಬಸ್ಸು, ಹೆಸರು ಬೇಡ. ಜಡಿಮಳೆ, ವೈಪರ್ ಅರ್ಧ ಗಾಜು ಮಾತ್ರ ಒರೆಸುತ್ತಿತ್ತು, ಆದರೂ ಬಸ್ಸು ಹಾರುತ್ತಿತ್ತು. ನಾನು ಮನಸ್ಸಲ್ಲೇ ಬೈದುಕೊಂಡು ಕೂತಿದ್ದೆ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೊಡೆ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಕಂಡಕ್ಟರನ್ನು ಕರೆದು, 'ಮೋನೆ (ಮಗನೇ), ನನಗೆ ಆಸ್ಪತ್ರೆಗೇ ಹೋಗೋದು, ಆದರೆ ನಡ್ಕೊಂಡು ಒಳಗೆ ಹೋಗ್ಬೇಕು' ಅಂದರು. ಬಸ್ಸೆಲ್ಲಾ ನಕ್ಕಿತು, ಡ್ರೈವರ್ ಕೂಡ ನಕ್ಕ, ಕಾಲು ಸಡಿಲ ಮಾಡಿದ. ಸ್ಟ್ಯಾಂಡಿನಲ್ಲಿ ಇಳಿಯುವಾಗ ಯಾಕಣ್ಣ ಅಷ್ಟು ಅವಸರ ಅಂತ ಕೇಳಿದೆ. 'ಹಿಂದಿನ ಬಸ್ಸು ಆರು ನಿಮಿಷದಲ್ಲಿ ಬರುತ್ತೆ, ನಾನು ಲೇಟಾದರೆ ನನ್ನ ಜನ ಎಲ್ಲಾ ಅವನಿಗೆ. ಕಲೆಕ್ಷನ್ ಕಮ್ಮಿಯಾದರೆ ಓನರ್ ನಿಮ್ಮನ್ನು ಕೇಳ್ತಾರಾ, ನನ್ನನ್ನು ಕೇಳ್ತಾರಾ?' ಅಂದ. ಈ ಆರು ನಿಮಿಷದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೇಳಿದರೂ ಕೇಳದಿದ್ದರೆ ಮುಂದಿನ ಸ್ಟಾಪಲ್ಲಿ 'ಹೋಲ್ಡಾನ್' ಅಂದು ಇಳಿದುಬಿಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ. ಗಾಡಿ ನಂಬರ್, ಸಮಯ, ಜಾಗ ಬರೆದುಕೊಂಡು 112ಕ್ಕೆ ಹೇಳಿ, ಆರ್‌ಟಿಒ ಕಚೇರಿಗೆ ಒಂದು ಅರ್ಜಿ ಹಾಕಿ. ದೊಡ್ಡ ಪ್ಯಾಸೆಂಜರ್ ಗಾಡಿಯ ಓವರ್‌ಸ್ಪೀಡಿಗೆ ಕಾಯ್ದೆಯಲ್ಲಿ 2,000ದಿಂದ 4,000 ರೂಪಾಯಿ ದಂಡ ಇದೆ. ಇನ್ನೊಂದು, ಟಿಕೆಟ್ ಕೇಳಿ ತಗೊಳ್ಳಿ, ಇಳಿಯುವ ತನಕ ಬಿಸಾಡಬೇಡಿ. ಸರ್ಕಾರಿ ಬಸ್ಸಿನ ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟಿಗೂ ಇದೇ ಮಾತು. ನೀವು ಆ ಬಸ್ಸಲ್ಲಿದ್ದಿರಿ ಅನ್ನೋಕೆ ಅದೇ ಸಾಕ್ಷಿ.

ಬಸ್ಸು ಬಿದ್ದರೆ? ಎಡಕ್ಕೆ ಮಗುಚಿದರೆ ಬಾಗಿಲು ಕೆಳಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಹತ್ತುವಾಗಲೇ ತುರ್ತು ಬಾಗಿಲು ಎಲ್ಲಿದೆ, ಅದಕ್ಕೆ ಅಡ್ಡವಾಗಿ ಯಾರದೋ ಅಕ್ಕಿ ಮೂಟೆ ಇದೆಯಾ ಅಂತ ಒಂದು ಕಣ್ಣು ಹಾಕಿ. ರಸ್ತೆಯಲ್ಲಿ ಹೋಗುತ್ತಿದ್ದವರು ನೀವಾದರೆ, ಮೊದಲು ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ, ಇಲ್ಲದಿದ್ದರೆ ಮಂಜಲ್ಲಿ ಬರುವ ಇನ್ನೊಂದು ಗಾಡಿ ಅಲ್ಲಿಗೇ ನುಗ್ಗುತ್ತದೆ. ಆಮೇಲೆ 108. ಕತ್ತು, ಬೆನ್ನಿಗೆ ಪೆಟ್ಟಾದವರನ್ನು ಕೈಕಾಲು ಹಿಡಿದು ಎಳೆಯಬೇಡಿ. ರಕ್ತ ಹರಿಯುವ ಕಡೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೊಲೀಸ್ ಕೇಸು ತಲೆಗೆ ಬರುತ್ತದೆ ಅಂತ ಹಿಂಜರಿಯುವ ಕಾಲ ಹೋಯಿತು. ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವ ಹಾಗೂ ಇಲ್ಲ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ, ಆಮೇಲೆ ಬಂದ ಅದರ ನಿಯಮಗಳಲ್ಲಿ ಸೇರಿಸಿದ್ದಾರೆ. 2025ರ ಮೇ ತಿಂಗಳಿಂದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ, ಆಸ್ಪತ್ರೆಯಲ್ಲಿ ಕೇಳಿ.

ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಇದ್ದರೂ ತಲೆಗೆ ದೊಡ್ಡ ಪೆಟ್ಟಾದರೆ ಇವತ್ತಿಗೂ ಮೈಸೂರು, ಮಂಗಳೂರು ಕಡೆ ಓಡಿದವರೇ ಹೆಚ್ಚು. ಮೈಸೂರು ಸುಮಾರು 120 ಕಿ.ಮೀ. ಇದೇ ಸಂಕಟಕ್ಕೆ 2019ರಲ್ಲಿ ನಮ್ಮ ಹುಡುಗರು ತುರ್ತು ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬಾ ಕೂಗಿದ್ದು ನೆನಪಿರಬಹುದು.

ಫೋಟೋ ತೆಗೆಯಬೇಡಿ. ತೆಗೆದರೆ ಗಾಡಿಯದು, ಟೈರಿನ ಗುರುತಿನದು ಮಾತ್ರ, ಅದೂ ಪೊಲೀಸರಿಗೆ ಕೊಡೋಕೆ. ನಮ್ಮದು ಸಣ್ಣ ಜಿಲ್ಲೆ, ವಾಟ್ಸ್ಆ್ಯಪಲ್ಲಿ ಹಾಕಿದ ಹತ್ತು ನಿಮಿಷಕ್ಕೆ ಅದು ಮನೆಯವರ ಫೋನಿಗೇ ಹೋಗುತ್ತದೆ. ಒಂದೇ ಹೆಸರಿನವರು ಊರಿಗೆ ನಾಲ್ಕು ಜನ ಇರುತ್ತಾರೆ, ತಪ್ಪು ಮನೆಗೆ ಸುದ್ದಿ ಹೋದರೆ ಏನಾಗುತ್ತೆ ಯೋಚಿಸಿ. ಗುರುತು ಖಚಿತವಾದ ಮೇಲೆ ನೇರ ತಾಯಿಗೋ ಹೆಂಡತಿಗೋ ಫೋನ್ ಮಾಡದೆ ಪಕ್ಕದ ಮನೆಯವರಿಗೆ, ಇಲ್ಲಾ ಒಕ್ಕದ (ಕೊಡವರ ಮನೆತನದ) ಹಿರಿಯರಿಗೆ ಹೇಳಿ, ಅವರು ಹೋಗಿ ಹತ್ತಿರ ಕೂತು ಹೇಳಲಿ.

ಡ್ರೈವರ್‌ಗೆ ಕೈ ಹಾಕಬೇಡಿ. ಗಾಯಾಳುಗಳಿಗೆ ಸಹಾಯ ಮಾಡಬೇಕಾದವನು ಅವನೇ ಅಂತ ಕಾನೂನು ಹೇಳುತ್ತದೆ, ಆದರೆ ಜನ ರೊಚ್ಚಿಗೆದ್ದು ಹೊಡೆಯೋಕೆ ಬಂದರೆ ಬಿಟ್ಟು ಹೋಗಬಹುದು ಅಂತ ಅದರಲ್ಲೇ ಬರೆದಿದೆ. ನಾವು ಹೊಡೆಯೋಕೆ ಹೋದಷ್ಟೂ ಅವನು ಓಡುತ್ತಾನೆ.

ಇನ್ನು ಸಾವಿನ ಮನೆ. ಕೊಡವರ ಮನೆಯಾದರೆ ಬೆನ್ನುಬೆನ್ನಿಗೆ ಎರಡು ಗುಂಡಿನ ಸದ್ದು ಕೇಳುತ್ತದೆ, ಕೇರಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಬಿಳಿ ಬಟ್ಟೆ ಹಾಕಿಕೊಂಡು ಹೋಗೋದು ರೂಢಿ. ಮುಸ್ಲಿಮರಲ್ಲಿ ದಫನ್ ತಡ ಮಾಡೋದಿಲ್ಲ, ಆದರೆ ಅಪಘಾತದ ಸಾವಿಗೆ ಮರಣೋತ್ತರ ಪರೀಕ್ಷೆ ಆಗಲೇಬೇಕು, ಆ ಕಾಯುವ ಹೊತ್ತೇ ಮನೆಯವರಿಗೆ ನರಕ. ಸೌಲಭ್ಯ ಇರುವ ಆಸ್ಪತ್ರೆಯಲ್ಲಿ ರಾತ್ರಿಯೂ ಮಾಡಬಹುದು ಅಂತ 2021ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಶವಾಗಾರದ ಬಾಗಿಲಲ್ಲಿ ಕಾಗದ ಪತ್ರ ಗೊತ್ತಿರುವ ಒಬ್ಬರು ನಿಂತು ಇದನ್ನು ಕೇಳಿದರೆ ದೊಡ್ಡ ಉಪಕಾರ. ತೋಟದ ಲೈನ್ ಮನೆಗಳಲ್ಲಿರುವ ಯರವ ಬುಡಕಟ್ಟಿನ ಕೂಲಿಯವರಿಗೆ, ಅಸ್ಸಾಮಿನಿಂದ ಬಂದ ಕೆಲಸದವರಿಗೆ ಹಾಗೆ ನಿಲ್ಲುವವರು ಯಾರೂ ಇರೋದಿಲ್ಲ. ಅಲ್ಲಿಗೂ ಹೋಗಿ. ಹೆಣ ಊರಿಗೆ ಕಳಿಸುವ ಖರ್ಚು ಯಾರದು ಅಂತ ಅವರು ಕೇಳುವ ಮೊದಲೇ ನಾಲ್ಕು ಜನ ಸೇರಿ ಮಾತಾಡಿಕೊಳ್ಳಿ.

ಹೋದಾಗ ಗಾಡಿಯನ್ನು ತೋಟದ ದಾರಿಗೆ ಅಡ್ಡ ನಿಲ್ಲಿಸಬೇಡಿ, ಆಂಬುಲೆನ್ಸ್ ಬರಬೇಕು. ಹೇಗಾಯ್ತು, ಎಲ್ಲಿಗೆ ಪೆಟ್ಟಾಯ್ತು ಅಂತ ಕೇಳಲೇಬೇಡಿ. ಬಂದ ಪ್ರತಿಯೊಬ್ಬರೂ ಕೇಳಿದರೆ ಆ ತಾಯಿ ಅದನ್ನು ಇನ್ನೂರು ಸಲ ಹೇಳಬೇಕಾಗುತ್ತದೆ. 'ಹಣೆಬರಹ' ಅನ್ನೋದನ್ನೂ ಬಿಡಿ. ಸವೆದ ಟೈರಿಗೂ ಆರು ನಿಮಿಷದ ಪೈಪೋಟಿಗೂ ಹಣೆಗೂ ಸಂಬಂಧ ಇಲ್ಲ, ಇದು ನನ್ನ ಅಭಿಪ್ರಾಯ. ಸುಮ್ನೆ ಕೂತರೆ ಸಾಕು, ಕೂರೋಕೆ ಆಗದಿದ್ದರೆ ಕೆಲಸ ಹುಡುಕಿ. ನಾನು ನೋಡಿದ ಒಂದು ಸಾವು ಜನವರಿಯಲ್ಲಿ. ಅಂಗಳದ ಒಂದು ಕಡೆ ಶಾಮಿಯಾನ, ಇನ್ನೊಂದು ಕಡೆ ಕಣದ ತುಂಬಾ ಒಣಗೋಕೆ ಹರಡಿದ ಕಾಫಿ. ಎಲ್ಲರೂ ಒಳಗೆ ಹೋಗಿ ಕೈಮುಗಿದು ಬರುತ್ತಿದ್ದರು. ಪಕ್ಕದ ತೋಟದ ಒಬ್ಬ ಹುಡುಗ ಯಾರಿಗೂ ಹೇಳದೆ ಚಪ್ಪಲಿ ಬಿಟ್ಟು ಕಣಕ್ಕಿಳಿದು ಕಾಫಿ ಎಳೆದ, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲ್ ಹೊದಿಸಿದ, ಮಾದ (ಸಾವಿನ ನಂತರದ ಕರ್ಮ) ಮುಗಿಯುವ ತನಕ ದಿನಾ ಬಂದ. ಮನೆಯವರು ಯಾರು ಯಾರು ಬಂದಿದ್ದರು ಅನ್ನೋದನ್ನು ಮರೆತಿದ್ದಾರೆ, ಅವನನ್ನು ಮರೆತಿಲ್ಲ.

ಡ್ರೈವರ್ ಸತ್ತಿದ್ದರೆ ಅವನ ಮನೆಗೂ ಹೋಗಿ. ಅಲ್ಲಿ ಜನ ಕಮ್ಮಿ ಇರುತ್ತಾರೆ.

ಕಾಗದದ ಕೆಲಸ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಫ್‌ಐಆರ್ ಪ್ರತಿ, ಮಹಜರು, ಮರಣೋತ್ತರ ವರದಿ, ಗಾಡಿಯ ಇನ್ಶೂರೆನ್ಸ್ ವಿವರ, ಟಿಕೆಟ್, ಎಲ್ಲಾ ಒಂದೇ ಕವರಿನಲ್ಲಿರಲಿ. ಮರಣ ನೋಂದಣಿ 21 ದಿನದೊಳಗೆ. ಪರಿಹಾರದ ಅರ್ಜಿ ಆರು ತಿಂಗಳೊಳಗೆ ಹಾಕಿ, ನೀವು ವಾಸ ಇರುವ ಕಡೆಯ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲೇ ಹಾಕಬಹುದು. ತಪ್ಪು ಯಾರದು ಅಂತ ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳುವ ದಾರಿ ಇದೆ, ಜಾಸ್ತಿ ಬೇಕಾದರೆ ವಾದ ಮಾಡಿ ಪಡೆಯುವ ದಾರಿ ಬೇರೆ. ಮೂರನೇ ದಿನವೇ ಹಣ್ಣು ಹಿಡಿದುಕೊಂಡು ರಾಜಿ ಪತ್ರಕ್ಕೆ ಸಹಿ ಕೇಳಿ ಬರುವವರಿಗೆ ಕಾಫಿ ಕೊಟ್ಟು ಕಳಿಸಿ, ಸಹಿ ಕೊಡಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ, ಪರಿಶಿಷ್ಟರಿಗೆ ಅಲ್ಲಿ ಉಚಿತ.

ಈಗ ಆ ಆರು ನಿಮಿಷ. ಪ್ರೈವೇಟ್ ಬಸ್ಸಿನ ಪರ್ಮಿಟ್ಟಿನಲ್ಲೇ ಟೈಮಿಂಗ್ ಇರುತ್ತದೆ, ಅದನ್ನು ಕೊಡೋದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ರಸ್ತೆಯಲ್ಲಿ ಹಂಪ್ ಜಾಸ್ತಿಯಾಗಿದೆ, ಶನಿವಾರ ಭಾನುವಾರ ಟೂರಿಸ್ಟ್ ಕಾರುಗಳ ಸಾಲು, ಹಾಗಿರುವಾಗ ಹಳೇ ಟೈಮಿಂಗ್ ಹಿಡಿದು ಓಡಿಸು ಅಂದರೆ ಡ್ರೈವರ್ ಏನು ಮಾಡುತ್ತಾನೆ? ಎರಡು ಬಸ್ಸಿನ ನಡುವೆ ಅಂತರ ಹೆಚ್ಚಿಸಿ, ಮಳೆಗಾಲಕ್ಕೆ ಓಡುವ ಸಮಯ ಜಾಸ್ತಿ ಕೊಡಿ ಅಂತ ಅರ್ಜಿ ಹಾಕಬಹುದು. ಮಾದ, ಬೊಜ್ಜ, ಏನಿದೆಯೋ ಅದಕ್ಕೆ ಊರೆಲ್ಲಾ ಸೇರಿರುತ್ತದಲ್ಲ, ಊಟ ಆದ ಮೇಲೆ ಅಲ್ಲೇ ಸಹಿ ಮಾಡಿಸಿ. ಮನೆಯವರನ್ನು ಮೊದಲು ಕೇಳಿ.

ಕೊನೆಗೆ ಫ್ಲೆಕ್ಸ್. ಬಿದ್ದ ತಿರುವಿನಲ್ಲೇ ಭಾವಪೂರ್ಣ ಶ್ರದ್ಧಾಂಜಲಿ ಅಂತ ಎಂಟಡಿ ಫ್ಲೆಕ್ಸ್ ಕಟ್ಟುತ್ತೇವೆ, ಅದು ಎದುರಿನಿಂದ ಬರುವ ಗಾಡಿಯನ್ನೇ ಮರೆ ಮಾಡುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಕಟ್ಟಿ. ವರ್ಷದ ದಿನ ಮೇಣದಬತ್ತಿ ಹಚ್ಚೋಕೆ ಆ ತಿರುವಿಗೆ ಹೋಗುವವರು ಕೈಯಲ್ಲೊಂದು ಕತ್ತಿ ಹಿಡಿದುಕೊಂಡು ಹೋಗಿ ರಸ್ತೆಗೆ ಬಾಗಿದ ಲಂಟಾನ ಸವರಿ ಬನ್ನಿ. ಅರ್ಧ ಗಂಟೆ ಕೆಲಸ. ಕೊಂಬೆ ಕಡಿಯುವಾಗ ಮಾತ್ರ ಆಚೆ ಈಚೆ ಒಬ್ಬೊಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲಲಿ, ಬಸ್ಸು ಬರುತ್ತಿರುತ್ತದೆ.